ಟಾಮ್ ನೂಕ್ ಕೊಟ್ಟ ಸಾಲ

ಅನಿಮಲ್ ಕ್ರಾಸಿಂಗ್ ಎಂಬ ವಿಡಿಯೊ ಗೇಮ್ ಆಡಿದವರಲ್ಲಿ ಅದರೊಳಗಿನ ಪಾತ್ರ ಟಾಮ್ ನೂಕ್‌ಗೆ ಬೈಯದವರು ಸಿಗುವುದು ಕಷ್ಟ. ಬಡ್ಡಿ ಸಾಹುಕಾರ, ನಗುನಗುತ್ತಲೇ ಜೇಬು ಬೋಳಿಸುವ ರಿಯಲ್ ಎಸ್ಟೇಟ್ ಏಜೆಂಟು, ಅಮಾಯಕರನ್ನು ದ್ವೀಪಕ್ಕೆ ಕರೆಸಿಕೊಂಡು ಸಾಲದಲ್ಲಿ ಮುಳುಗಿಸುವವನು. ಅವನ ಮೇಲೆ ಬಂದಿರುವ ಮೀಮ್‌ಗಳಿಗೆ ಲೆಕ್ಕವಿಲ್ಲ. ಆದರೆ ಅವನ ಸಾಲದ ಷರತ್ತುಗಳನ್ನು ಒಮ್ಮೆ ಸಮಾಧಾನವಾಗಿ ಯೋಚಿಸಿ ನೋಡಿ. ಟೆಂಟಿನಲ್ಲಿ ಮಲಗುತ್ತಿದ್ದವನಿಗೆ ರಾತ್ರಿ ಬೆಳಗಾಗುವುದರಲ್ಲಿ ಮನೆ ಕಟ್ಟಿಕೊಡುತ್ತಾನೆ, 98,000 ಬೆಲ್ಸ್, ಅಂದರೆ ಆಟದೊಳಗಿನ ನಾಣ್ಯ. ಬಡ್ಡಿ ಇಲ್ಲ, ಗಡುವಿಲ್ಲ, ಜಾಮೀನು ಕೇಳುವುದಿಲ್ಲ, ಅಪ್ಪನ ಕೆಲಸ ಏನೆಂದು ವಿಚಾರಿಸುವುದಿಲ್ಲ. ವರ್ಷವಿಡೀ ಒಂದು ಬೆಲ್ ಕಟ್ಟದೆ ಮೀನು ಹಿಡಿದುಕೊಂಡು, ಚಿಟ್ಟೆ ಅಟ್ಟಿಸಿಕೊಂಡು ಇದ್ದರೂ ಬಾಗಿಲಿಗೆ ನೋಟಿಸು ಬರುವುದಿಲ್ಲ. ತೀರಿಸಿದ ಮೇಲೆ "ಇನ್ನೊಂದು ರೂಮು ಬೇಕಾ?" ಅನ್ನುತ್ತಾನೆ, 1,98,000. ಅದಕ್ಕೂ ಅದೇ ಷರತ್ತು. ಇಂಥ ಸಾಲ ನಮ್ಮಲ್ಲಿ ಸ್ವಂತ ಸೋದರಮಾವ ಕೂಡ ಕೊಡುವುದಿಲ್ಲ.

ಈ ಸಾಲ ನನ್ನ ತಲೆಗೆ ಹೊಕ್ಕಿದ್ದು 2020ರ ಜೂನ್‌ನಲ್ಲಿ. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಮೊಣಕಾಲಿನಡಿ ಸತ್ತಿದ್ದರು. ಹೊರಗೆ ಕೊರೊನಾ. ಬೀದಿಗಿಳಿಯಲಾಗದ ಎಷ್ಟೋ ಜನ ತಮ್ಮ ತಮ್ಮ ದ್ವೀಪಗಳಲ್ಲೇ ಪ್ರತಿಭಟನೆಗೆ ಇಳಿದರು. ಆಟದಲ್ಲಿ ನಾವೇ ಚಿತ್ರ ಬರೆದು ಅಂಗಿಯ ಮೇಲೋ ನೆಲದ ಮೇಲೋ ಹಾಕಿಕೊಳ್ಳುವ ಸೌಲಭ್ಯವಿದೆ: ಅಡ್ಡಕ್ಕೆ 32 ಚುಕ್ಕಿ, ಉದ್ದಕ್ಕೆ 32 ಚುಕ್ಕಿ, ಅಷ್ಟರಲ್ಲೇ ಮುಖ ಮೂಡಬೇಕು. ಜನ ಅಷ್ಟರಲ್ಲೇ ಸತ್ತವರ ಮುಖ ಬರೆದರು, ಮುಂದೆ ಹೂವಿಟ್ಟರು, ದೀಪ ಹಚ್ಚಿದರು. ಒಂದು ದ್ವೀಪದಲ್ಲಿ ಒಮ್ಮೆಗೆ ಎಂಟೇ ಜನ ಇರಬಹುದಾದ್ದರಿಂದ ಪ್ರತಿಭಟನೆಗೂ ಸರದಿ. ನಾನು ಹೋಗಿದ್ದ ಕಡೆ ಏಳು ಗೊಂಬೆಗಳು ಕಪ್ಪು ಟೀ ಶರ್ಟ್ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಯಾರೂ ಏನೂ ಟೈಪ್ ಮಾಡುತ್ತಿರಲಿಲ್ಲ. ಆ ಸಾಲಿನ ಹಿಂದೆ, ಹಿತ್ತಲಲ್ಲಿ ಪೀಚ್ ಮರ ಇದ್ದ, ಕೆಂಪು ಹೆಂಚಿನ ಮನೆ. ನೂಕ್ ಕೊಟ್ಟ ಸಾಲದ ಮನೆ. ಟೀ ಶರ್ಟ್ ಬಗ್ಗೆ ಆ ವಾರ ಎಲ್ಲರೂ ಬರೆದರು. ನನಗೆ ಕಣ್ಣು ಹೋದದ್ದು ಮನೆಯ ಮೇಲೆ. ಯಾಕೆಂದರೆ ಅಷ್ಟು ಹೊತ್ತಿಗೆ ನಾನು ಚಿಕಾಗೋದಲ್ಲಿ ಕೆಲವು ವರ್ಷ ಇದ್ದು ಬಂದಿದ್ದೆ.

ನಮ್ಮವರೇ ಬರೆದುಕೊಟ್ಟ ನಕ್ಷೆ

ಚಿಕಾಗೋದಲ್ಲಿ ಇಳಿದ ವಾರವೇ ಹಾಸನದ ಕಡೆಯ ಒಬ್ಬ ಅಣ್ಣ ಮನೆಗೆ ಊಟಕ್ಕೆ ಕರೆದರು. ಅಲ್ಲಿನ ಕನ್ನಡದ ಹುಡುಗರಿಗೆಲ್ಲ ಅವರೇ ಹಿರಿಯಣ್ಣ. ಮುದ್ದೆ, ಸೊಪ್ಪಿನ ಸಾರು ಹಾಕಿ, ಕೈ ತೊಳೆದು ಬಂದು, ಫೋನಿನಲ್ಲಿ ಮ್ಯಾಪ್ ತೆಗೆದರು. ಬೆರಳಿನಲ್ಲಿ ಒಂದೊಂದೇ ತೋರಿಸುತ್ತ ಹೋದರು. ಇಲ್ಲಿ ಸ್ಕೂಲ್ ಚೆನ್ನಾಗಿದೆ. ಇಲ್ಲಿ ಬಾಡಿಗೆ ಜಾಸ್ತಿ, ಆದ್ರೆ ನಮ್ಮವರು ಜಾಸ್ತಿ. ಕೊತ್ತಂಬರಿ, ಕರಿಬೇವು ಬೇಕಂದ್ರೆ ಡೆವನ್ ರೋಡು. ಬೆರಳು ಊರಿನ ಪಶ್ಚಿಮಕ್ಕೆ ಬಂದಾಗ ನಿಂತಿತು. "ಪಿಂಕ್ ಲೈನ್ ಟ್ರೈನಲ್ಲಿ ಹೋದ್ರೆ ಇಲ್ಲೆಲ್ಲೂ ಇಳೀಬೇಡ ಕಣೋ. ಏರಿಯಾ ಸರಿ ಇಲ್ಲ."

"ಯಾಕಣ್ಣಾ?"

"ಯಾಕೆ ಅಂದ್ರೆ... ಮುಂಚಿಂದ್ಲೂ ಹಂಗೇ."

ಒಳ್ಳೆಯ ಮನುಷ್ಯ. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ, ನನ್ನ ಮೊದಲ ತಿಂಗಳ ಬಾಡಿಗೆಗೆ ದುಡ್ಡು ಕೊಟ್ಟವರು. ಅವರಿಗೂ ಆ ನಕ್ಷೆಯನ್ನು ಇನ್ಯಾರೋ ಅಣ್ಣ ಊಟದ ನಂತರ ಹೇಳಿಕೊಟ್ಟಿರಬೇಕು. ಹೀಗೆ ಬಾಯಿಂದ ಬಾಯಿಗೆ ಬಂದ ಆ ನಕ್ಷೆಗೆ ಕಾಗದದ ಮೇಲಿನ ಮೂಲವೊಂದು ಇದೆ ಎಂದು ನನಗೆ ಗೊತ್ತಾದದ್ದು ಆಮೇಲೆ. 1933ರಲ್ಲಿ, ಮಹಾ ಕುಸಿತದ ಕಾಲದಲ್ಲಿ, ಮನೆ ಕಳೆದುಕೊಳ್ಳುತ್ತಿದ್ದವರ ಸಾಲ ಕೊಂಡು ಉಳಿಸಲೆಂದು ಅಮೆರಿಕದ ಸರ್ಕಾರ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಸಂಸ್ಥೆ ಮಾಡಿತು. ಆ ಸಂಸ್ಥೆ 1935ರಿಂದ 1940ರ ನಡುವೆ 200ಕ್ಕೂ ಹೆಚ್ಚು ಊರುಗಳಿಗೆ ಬಣ್ಣ ಹಚ್ಚಿತು. ಹಸಿರು ಅತ್ಯುತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಪ್ರತಿ ಪ್ರದೇಶಕ್ಕೂ ಒಂದು ಫಾರಮ್ಮು, ಅದರಲ್ಲಿ ಕಪ್ಪು ಜನ ಎಷ್ಟು ಪಾಲು ಇದ್ದಾರೆ, ಯಾರು "ನುಸುಳುತ್ತಿದ್ದಾರೆ" ಎಂದು ತುಂಬಲು ಪ್ರತ್ಯೇಕ ಜಾಗ. ರಿಚ್ಮಂಡ್ ವಿಶ್ವವಿದ್ಯಾಲಯದವರು ಈ ನಕ್ಷೆಗಳನ್ನೆಲ್ಲ ಆನ್‌ಲೈನ್‌ನಲ್ಲಿ ಹಾಕಿದ್ದಾರೆ, ಯಾರು ಬೇಕಾದರೂ ನೋಡಬಹುದು. ನೋಡುವಾಗ ನನ್ನನ್ನು ಕಾಡಿದ್ದು ಅದರ ಅಚ್ಚುಕಟ್ಟು. ಅದರಲ್ಲಿ ಬೈಗುಳವಿಲ್ಲ. ಆಫೀಸಿನ ಭಾಷೆ, ಟೈಪ್ ಮಾಡಿದ ಅಕ್ಷರ.

1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಮನೆ ಸಾಲಗಳಿಗೆ ವಿಮೆ ಕೊಡುತ್ತಿತ್ತು. ಬ್ಯಾಂಕುಗಳಿಗೆ ಅದೇ ಧೈರ್ಯ. ಇಪ್ಪತ್ತು ಮೂವತ್ತು ವರ್ಷದ ಕಡಿಮೆ ಬಡ್ಡಿಯ ಕಂತಿನಲ್ಲಿ ಸಾಧಾರಣ ಸಂಬಳದವನೂ ಮನೆ ಮಾಡಿಕೊಳ್ಳಬಹುದಾಯಿತು. ಆದರೆ ಕಪ್ಪು ಜನರಿದ್ದ ಬೀದಿಗಳಿಗೆ ಆ ವಿಮೆ ಇಲ್ಲ. ಅಂದರೆ ನೂಕ್ ಥರದ ಸಾಲ ಅಮೆರಿಕದಲ್ಲೂ ಇತ್ತು, ಹೆಚ್ಚುಕಡಿಮೆ ಅದೇ ಸುಲಭದ ಷರತ್ತಿನಲ್ಲಿ. ಅದು ಸಿಗುತ್ತಿದ್ದದ್ದು ಕೆಲವು ದ್ವೀಪಗಳಿಗೆ.

ಉಳಿದ ದ್ವೀಪದವರು ಏನು ಮಾಡಿದರು ಎನ್ನುವುದು ನಾರ್ತ್ ಲಾನ್‌ಡೇಲ್‌ನ ಕಥೆ. ಅಣ್ಣನ ಬೆರಳು ನಿಂತ ಜಾಗ ಅದೇ. ಅದು "ಮುಂಚಿಂದ್ಲೂ ಹಂಗೇ" ಇರಲಿಲ್ಲ. ಒಂದು ಕಾಲಕ್ಕೆ ಯಹೂದಿಗಳ ಬಡಾವಣೆ. 1950ರಲ್ಲಿ ಅಲ್ಲಿ ಕಪ್ಪು ಜನ ನೂರಕ್ಕೆ ಸುಮಾರು 13, ಹತ್ತೇ ವರ್ಷದಲ್ಲಿ 91. ನಡುವೆ ನಡೆದದ್ದು ದಲ್ಲಾಳಿಗಳ ಸುಗ್ಗಿ. "ಕಪ್ಪು ಜನ ಬರ್ತಿದಾರೆ, ರೇಟು ಬಿದ್ದುಹೋಗುತ್ತೆ" ಎಂದು ಬಿಳಿಯರನ್ನು ಹೆದರಿಸಿ ಮನೆಗಳನ್ನು ಅಗ್ಗಕ್ಕೆ ಕೊಳ್ಳುವುದು, ಅದೇ ಮನೆಯನ್ನು ಎರಡು ಪಟ್ಟು ಬೆಲೆಗೆ ಕಪ್ಪು ಕುಟುಂಬಕ್ಕೆ "ಕಾಂಟ್ರ್ಯಾಕ್ಟ್" ಮೇಲೆ ಮಾರುವುದು. ಬ್ಯಾಂಕು ಸಾಲ ಕೊಡದ ಮೇಲೆ ಬೇರೆ ದಾರಿ ಎಲ್ಲಿದೆ? ಮುಂಗಡ ಕೊಡಬೇಕು, ತಿಂಗಳು ತಿಂಗಳು ಕಂತು ಕಟ್ಟಬೇಕು, ಸೂರು ಸೋರಿದರೆ ರಿಪೇರಿ ನೀವೇ ಮಾಡಿಸಬೇಕು. ಮನೆಯ ಪತ್ರ ಮಾತ್ರ ಕೊನೆಯ ಕಂತು ಮುಗಿಯುವವರೆಗೂ ಮಾರಿದವನ ಹೆಸರಲ್ಲೇ. ಹತ್ತು ವರ್ಷ ಕಟ್ಟಿ ಒಂದು ಕಂತು ತಪ್ಪಿದರೂ ಹೊರಗೆ ಹಾಕಬಹುದು, ಕಟ್ಟಿದ್ದೆಲ್ಲ ಮುಳುಗಿತು. ಮರುವಾರ ಅದೇ ಮನೆ ಇನ್ನೊಂದು ಕುಟುಂಬಕ್ಕೆ. 1950, 60ರ ದಶಕಗಳಲ್ಲಿ ಚಿಕಾಗೋದ ಕಪ್ಪು ಜನ ಕೊಂಡ ಮನೆಗಳಲ್ಲಿ ನೂರಕ್ಕೆ 75ರಿಂದ 95ರಷ್ಟು ಹೀಗೆ ಕೊಂಡದ್ದು ಎಂದು ಡ್ಯೂಕ್ ವಿಶ್ವವಿದ್ಯಾಲಯದ 2019ರ ವರದಿ ಹೇಳುತ್ತದೆ. ಅವರ ಕೈಯಿಂದ ಹೋದದ್ದು 300ರಿಂದ 400 ಕೋಟಿ ಡಾಲರ್ ಎಂದು ಅದರ ಅಂದಾಜು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋನಿನಲ್ಲೇ "ನೀವು ಯಾವ ಜನ?" ಎಂದು ಕೇಳುವ ಓನರ್ ಆಂಟಿಯರು, "ವೆಜ್ ಆದ್ರೆ ಮಾತ್ರ ಬನ್ನಿ" ಎನ್ನುವ ಬ್ರೋಕರುಗಳು ನಮ್ಮಲ್ಲೂ ಇದ್ದಾರೆ. ನಾವು ವಿಮಾನ ಹತ್ತುವಾಗ ನಕ್ಷೆ ಓದುವ ಅಭ್ಯಾಸ ಬ್ಯಾಗಿನಲ್ಲೇ ಇರುತ್ತದೆ, ಅಲ್ಲಿ ಬಣ್ಣ ಬೇರೆ ಅಷ್ಟೆ.

ಬಿಸಿಲಲ್ಲಿ ನಿಂತು ಗಳಿಸಬೇಕಾದ ಬಣ್ಣ

ನೂಕ್‌ನನ್ನು ಇಷ್ಟು ಹೊಗಳಿದ ಮೇಲೆ ಅವನ ಊರಿನ ಇನ್ನೊಂದು ಮುಖವನ್ನೂ ಹೇಳಬೇಕು. ಇದೇ ಸರಣಿಯ ಹಿಂದಿನ ಆಟ ನ್ಯೂ ಲೀಫ್. ಅದರಲ್ಲಿ ನಿಮ್ಮ ಮುಖವನ್ನು ನೀವು ಆರಿಸುವಂತಿರಲಿಲ್ಲ. ರೈಲಿನಲ್ಲಿ ಎದುರು ಕೂತ ಬೆಕ್ಕೊಂದು ಏನೇನೋ ಪ್ರಶ್ನೆ ಕೇಳುತ್ತದೆ, ನಿಮ್ಮ ಉತ್ತರದ ಮೇಲೆ ಕಣ್ಣು ಹೀಗೆ, ಕೂದಲು ಹಾಗೆ ಎಂದು ತೀರ್ಮಾನವಾಗುತ್ತದೆ. ಏನೇ ಉತ್ತರ ಕೊಡಿ, ಚರ್ಮ ಮಾತ್ರ ಬೆಳ್ಳಗೇ. ಕಪ್ಪಾಗಬೇಕಾದರೆ ಒಂದೇ ದಾರಿ: ಬೇಸಿಗೆಯಲ್ಲೋ ಅಥವಾ ಸದಾ ಬೇಸಿಗೆಯಿರುವ ಪಕ್ಕದ ದ್ವೀಪದಲ್ಲೋ ನಡುಹಗಲ ಬಿಸಿಲಿಗೆ ಮೈ ಒಡ್ಡಿ ನಿಲ್ಲಬೇಕು. ಟೋಪಿ ಹಾಕುವಂತಿಲ್ಲ, ಕೊಡೆ ಹಿಡಿಯುವಂತಿಲ್ಲ. ಹಾಗೆ ಗಳಿಸಿದ ಬಣ್ಣವೂ ನಾಲ್ಕು ದಿನ ಆಟದ ಕಡೆ ತಲೆ ಹಾಕದಿದ್ದರೆ ಮಾಸುತ್ತದೆ. ತಮ್ಮ ಗೊಂಬೆ ತಮ್ಮ ಹಾಗೇ ಕಾಣಲಿ ಎಂದು ಬಯಸಿದ ಕಪ್ಪು ಆಟಗಾರರು ದಿನಾ ಡ್ಯೂಟಿಗೆ ಹೋದ ಹಾಗೆ ಆ ದ್ವೀಪಕ್ಕೆ ಹೋಗಿ ನಿಲ್ಲುತ್ತಿದ್ದರಂತೆ. ಬಿಳಿಯ ಮಗುವಿಗೆ ಆಟ ಶುರುವಾಗುವ ಮೊದಲೇ ಸಿಕ್ಕಿದ್ದ ವಸ್ತು, ಇವರಿಗೆ ನಿತ್ಯದ ದುಡಿಮೆ.

ಆಟ ಮಾಡಿದ ನಿಂಟೆಂಡೊ ಕಂಪನಿಯ ಕ್ಯೋಟೊದ ಆಫೀಸಿನಲ್ಲಿ ಕೂತವರು ಯಾರನ್ನೋ ಅವಮಾನಿಸಬೇಕೆಂದು ಹೀಗೆ ಮಾಡಿದರು ಎಂದು ನಾನು ನಂಬುವುದಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಕಂದುವುದು ಅವರಿಗೆ ಒಂದು ಮುದ್ದಾದ ವಿಷಯವಾಗಿ ಕಂಡಿರಬೇಕು. ಆ ಮುದ್ದಿನಲ್ಲಿ ಹುಟ್ಟಿನಿಂದಲೇ ಕಪ್ಪಗಿರುವ ಮಗು ಲೆಕ್ಕಕ್ಕೆ ಬಂದಿಲ್ಲ. ವ್ಯವಸ್ಥೆಯ ಅನ್ಯಾಯ ಎಂದರೆ ಯಾರೋ ಹಲ್ಲು ಕಡಿಯುತ್ತ ಕೂತಿರಬೇಕು ಎಂದುಕೊಳ್ಳುತ್ತೇವೆ. ಕೊನೆಯ ಹಂತದಲ್ಲಿ ಒಬ್ಬ ಖಳ ಇರುತ್ತಾನೆ, ಅವನನ್ನು ಹೊಡೆದರೆ ಆಟ ಮುಗಿಯಿತು ಎಂದು ನಮಗೆ ಕಲಿಸಿದ್ದೂ ವಿಡಿಯೊ ಗೇಮ್‌ಗಳೇ. ನ್ಯೂ ಲೀಫ್‌ನಲ್ಲಿ ಹೊಡೆಯಲು ಯಾರೂ ಇಲ್ಲ, ಎಲ್ಲ ಪ್ರಾಣಿಗಳೂ ಒಳ್ಳೆಯವೇ. ಬಿಸಿಲು ಮಾತ್ರ ಕೆಲವರಿಗೆ ಕಡ್ಡಾಯ.

2020ರ ನ್ಯೂ ಹೊರೈಜನ್ಸ್‌ನಲ್ಲಿ ಇದು ಸರಿಯಾಯಿತು. ಶುರುವಿನಲ್ಲೇ ಎಂಟು ಮೈಬಣ್ಣ ಸಾಲಾಗಿ ಬರುತ್ತವೆ, ಯಾವುದು ಬೇಕೋ ಒತ್ತುವುದು. ಕಪ್ಪು ಜನರ ಕೂದಲಿನ ಇನ್ನಷ್ಟು ಬಗೆಗಳು ಬರುವುದಕ್ಕೆ 2021ರ ನವೆಂಬರ್‌ವರೆಗೆ ಕಾಯಬೇಕಾಯಿತು, ಅದಿರಲಿ. ಲಾಕ್‌ಡೌನಿನಲ್ಲಿ ಮೈಸೂರಿನ ಅಕ್ಕನ ಮನೆಯಲ್ಲಿದ್ದೆ. ನಾನು ತಂದಿದ್ದ ಸ್ವಿಚ್ ಎಂಬ ಗೇಮ್ ಸಾಧನದ ಮೇಲೆ ಅಕ್ಕನ ಮಗಳಿಗೆ ಮೊದಲಿಂದಲೂ ಕಣ್ಣು. ಒಂದು ಮಧ್ಯಾಹ್ನ ಅವಳ ಕೈಗೆ ಕೊಟ್ಟೆ. ಕೂದಲಿಗೆ ಕಾಲು ಗಂಟೆ ತೆಗೆದುಕೊಂಡಳು. ಕಣ್ಣಿಗೆ ಅಷ್ಟೇ ಹೊತ್ತು. ಮೈಬಣ್ಣಕ್ಕೆ ಬಂದಾಗ ಒಂದು ಕ್ಷಣವೂ ನಿಲ್ಲಲಿಲ್ಲ, ಎಲ್ಲಕ್ಕಿಂತ ಬೆಳ್ಳಗಿನದನ್ನು ಒತ್ತಿಬಿಟ್ಟಳು.

"ನಿನ್ ಥರ ಇರೋದೂ ಇದೆ ನೋಡು ಪುಟ್ಟಿ, ಆರನೇದು."

"ಬೇಡ ಮಾಮ, ಚೆನ್ನಾಗಿರ್ಲಿ."

ಅಡುಗೆಮನೆಯಿಂದ ಅಕ್ಕ ನಕ್ಕಳು. ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿದ್ದು ಅದೇ ವರ್ಷ. ಎಂಟು ಬಣ್ಣವನ್ನು ಒಂದೇ ಸಾಲಿನಲ್ಲಿ, ಒಂದೇ ಬೆಲೆಗೆ ಇಟ್ಟರೂ ಕೈ ಎತ್ತ ಹೋಗಬೇಕು ಎನ್ನುವುದು ಆಟಕ್ಕೆ ಮೊದಲೇ ಮುಗಿದಿತ್ತು. ಈಗ ಅವಳು ಗೆನ್‌ಶಿನ್ ಇಂಪ್ಯಾಕ್ಟ್ ಆಡುತ್ತಾಳೆ. ಅದರಲ್ಲಿ ಸುಮೇರು ಎಂಬ ನಾಡಿದೆ. ಭಾರತ, ಪರ್ಷಿಯಾ, ಅರಬ್ ನಾಡುಗಳಿಂದ ಉಡುಗೆ, ಹೆಸರು, ವಾದ್ಯ ಎಲ್ಲ ಎತ್ತಿಕೊಂಡಿದ್ದಾರೆ. ಪಾತ್ರಗಳಲ್ಲಿ ಹೆಚ್ಚಿನವು ಮಾತ್ರ ಬಿಳಿ ಬಿಳಿ. 2022ರಲ್ಲಿ ಅದು ಬಂದಾಗ ಆಟಗಾರರೇ ಜಗಳ ತೆಗೆದಿದ್ದರು.

ಕುಣಿತ ಯಾರದು, ಕಾಸು ಯಾರಿಗೆ

ಫೋರ್ಟ್‌ನೈಟ್‌ನಲ್ಲಿ ಎಮೋಟ್ ಎಂಬ ಸಾಮಾನಿದೆ; ಅದೂ ಒಂದು ಆನ್‌ಲೈನ್ ಗೇಮ್. ಕೊಂಡರೆ ನಿಮ್ಮ ಪಾತ್ರ ಒಂದು ಕುಣಿತ ಕುಣಿಯುತ್ತದೆ. ಗೆಲ್ಲುವುದಕ್ಕೆ ನಯಾಪೈಸೆ ಉಪಯೋಗವಿಲ್ಲ, ಆದರೂ ಮಕ್ಕಳು ಹಟ ಹಿಡಿದು ಕೊಳ್ಳುತ್ತಾರೆ. 2018ರಲ್ಲಿ ಬ್ಯಾಟಲ್ ಪಾಸ್ ಎಂಬ ಕಾಸು ಕೊಟ್ಟು ಕೊಳ್ಳುವ ಪಾಸಿನ ಜೊತೆ ಬಂದ ಸ್ವೈಪ್ ಇಟ್ ಎನ್ನುವ ಎಮೋಟ್ ತನ್ನ ಮಿಲಿ ರಾಕ್ ಕುಣಿತದ ನಕಲು ಎಂದು ಬ್ರೂಕ್ಲಿನ್‌ನ ರ‍್ಯಾಪರ್ 2 ಮಿಲಿ ಆ ಡಿಸೆಂಬರ್‌ನಲ್ಲಿ ಕೋರ್ಟಿಗೆ ಹೋದ. ನಟ ಆಲ್ಫಾನ್ಸೊ ರಿಬೇರೊ ಕೂಡ ತನ್ನ ಕಾರ್ಲ್ಟನ್ ಕುಣಿತಕ್ಕಾಗಿ ಹೋದ. ಎರಡೂ ನಿಲ್ಲಲಿಲ್ಲ. ಹಕ್ಕುಸ್ವಾಮ್ಯ ನೋಂದಣಿ ಆಗುವ ಮೊದಲು ದಾವೆ ಹೂಡುವಂತಿಲ್ಲ ಎಂದು 2019ರ ಮಾರ್ಚ್‌ನಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು, ಇಬ್ಬರೂ ಹಿಂದೆಗೆದುಕೊಂಡರು. ರಿಬೇರೊ ನೋಂದಣಿಗೆ ಹಾಕಿದ್ದ ಅರ್ಜಿಯನ್ನಂತೂ ಇದು ಸರಳ ಕುಣಿತ, ನೃತ್ಯ ಸಂಯೋಜನೆಯಲ್ಲ ಎಂದು ಹಕ್ಕುಸ್ವಾಮ್ಯ ಕಚೇರಿ ಆಗಲೇ ತಿರಸ್ಕರಿಸಿತ್ತು. ಕಾನೂನಿನಲ್ಲಿ ಎಲ್ಲೂ ಕಪ್ಪು ಜನ ಎಂಬ ಮಾತೇ ಇಲ್ಲ. ರಂಗದ ಮೇಲೆ, ಬರೆದಿಟ್ಟುಕೊಂಡು ಸಂಯೋಜಿಸಿದ ಬ್ಯಾಲೆಗೆ ರಕ್ಷಣೆ ಉಂಟು, ಬೀದಿಯಲ್ಲಿ ಹುಟ್ಟಿ ಕಾಲಿನಿಂದ ಕಾಲಿಗೆ ಹರಡುವ ಹೆಜ್ಜೆಗೆ ಇಲ್ಲ ಎಂದಷ್ಟೇ ಇದೆ. ನಮ್ಮ ತಮಟೆ ಏಟು ಎಷ್ಟು ಸಿನಿಮಾ ಹಾಡುಗಳಲ್ಲಿ ಕೇಳಿಸಿಲ್ಲ? ಬಾರಿಸಿದ ಕೇರಿಯ ಹೆಸರು ಟೈಟಲ್ ಕಾರ್ಡಿನಲ್ಲಿ ಎಷ್ಟು ಸಲ ಬಂದಿದೆ?

ಇದೇ ಫೋರ್ಟ್‌ನೈಟ್ 2021ರ ಆಗಸ್ಟ್‌ನಲ್ಲಿ ಟೈಮ್ ಸ್ಟುಡಿಯೋಸ್ ಜೊತೆ ಸೇರಿ ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯನ್ನು ಆಟದೊಳಗೆ ಕಟ್ಟಿತು. ಹೋಗಿ ನೋಡಿದೆ. ಲಿಂಕನ್ ಸ್ಮಾರಕ, ಮುಂದೆ ಕೊಳ, ದೊಡ್ಡ ಪರದೆಯ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಭಾಷಣ. ಕೆಳಗೆ ಬಾಳೆಹಣ್ಣಿನ ವೇಷದವನೊಬ್ಬ ಕುಣಿಯುತ್ತಿದ್ದ. ಪಕ್ಕದಲ್ಲಿ ಇನ್ನಿಬ್ಬರು. ಸುದ್ದಿ ಹರಡಿ, ಜನ ಛೀ ಅಂದ ಮೇಲೆ ಆ ಸಂದರ್ಭಕ್ಕೆಂದೇ ಮಾಡಿದ ಕೆಲವನ್ನು ಬಿಟ್ಟು ಉಳಿದ ಎಮೋಟ್‌ಗಳನ್ನು ಅಲ್ಲಿ ಬಂದ್ ಮಾಡಿದರು. ಒಗಟುಗಳನ್ನು ಬಿಡಿಸಿ ಮುಗಿಸಿದವರಿಗೆ ಗೋಡೆಗೆ ಒತ್ತುವ ಒಂದು ಸ್ಪ್ರೇ ಬಹುಮಾನ.

ಕುಣಿದ ಮಕ್ಕಳ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಆ ಭಾಷಣವನ್ನು ಕೇಳಿಸಿಕೊಂಡವರೇ ಕಡಿಮೆ, ಫೋರ್ಟ್‌ನೈಟ್‌ನ ಹೊರಗೂ. ಎಲ್ಲರಿಗೂ ಕನಸಿನ ಭಾಗ ಬಾಯಿಪಾಠ. ಶುರುವಿನಲ್ಲಿ ಕಿಂಗ್ ಮಾತಾಡುವುದು ದುಡ್ಡಿನ ಬಗ್ಗೆ. ಅಮೆರಿಕ ತನ್ನ ಕಪ್ಪು ಪ್ರಜೆಗಳಿಗೆ ಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲವೆಂದು ವಾಪಸು ಬಂದಿದೆ, ಅದನ್ನು ನಗದು ಮಾಡಿಸಿಕೊಳ್ಳಲು ಬಂದಿದ್ದೇವೆ ಅನ್ನುತ್ತಾರೆ. ಮೆರವಣಿಗೆಯ ಪೂರ್ತಿ ಹೆಸರಿನಲ್ಲೇ ಸ್ವಾತಂತ್ರ್ಯಕ್ಕಿಂತ ಮುಂಚೆ ಉದ್ಯೋಗವಿತ್ತು. ಸುಮಾರು ಎರಡೂವರೆ ವರ್ಷದ ನಂತರ, 1966ರ ಜನವರಿಯಲ್ಲಿ, ಕಿಂಗ್ ಚಿಕಾಗೋಗೆ ಬಂದು ಒಂದು ಹದಗೆಟ್ಟ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದರು. ಬಿಳಿಯರ ಬಡಾವಣೆಗಳಲ್ಲೂ ಕಪ್ಪು ಜನರಿಗೆ ಮನೆ ಸಿಗಬೇಕು ಎಂದು ಆ ಬೇಸಿಗೆಯಲ್ಲಿ ನಡೆದ ಮೆರವಣಿಗೆಯಲ್ಲಿ ಅವರ ತಲೆಗೆ ಕಲ್ಲು ಬಿತ್ತು. ಆ ಬಾಡಿಗೆ ಮನೆ ಇದ್ದದ್ದು ನಾರ್ತ್ ಲಾನ್‌ಡೇಲ್‌ನಲ್ಲಿ, ಅಣ್ಣ ಇಳಿಯಬೇಡ ಅಂದ ಕಡೆ. 1963ರ ಕಿಂಗ್‌ರನ್ನು ಆಟದೊಳಗೆ ತರಬಹುದು, ಸ್ಪ್ರೇ ಮಾಡಿ ಹಂಚಬಹುದು. ಮನೆ ಸಾಲದ ಕಾಗದ ಕೇಳುವ 1966ರ ಕಿಂಗ್‌ಗೆ ಯಾರು ಸ್ಪಾನ್ಸರ್ ಆಗುತ್ತಾರೆ?

ಪ್ಯಾಚ್ ಬಂದ ಮೇಲೆ

ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಮನೆ ಮಾರಾಟದಲ್ಲಿ, ಬಾಡಿಗೆಯಲ್ಲಿ, ಸಾಲದಲ್ಲಿ ಭೇದ ಮಾಡಕೂಡದೆಂಬ ಫೇರ್ ಹೌಸಿಂಗ್ ಕಾಯ್ದೆಗೆ ಸಹಿ ಬಿತ್ತು. ಅದೇ ವರ್ಷ ಲಾನ್‌ಡೇಲ್‌ನ ಕಾಂಟ್ರ್ಯಾಕ್ಟ್ ಮನೆಯವರು ಸಂಘ ಕಟ್ಟಿಕೊಂಡು ಕಂತು ನಿಲ್ಲಿಸಿ ಹೋರಾಟಕ್ಕಿಳಿದರು. ಕೆಲವರ ಕರಾರು ಸಡಿಲವಾಯಿತು, ಕೆಲವರನ್ನು ಪೊಲೀಸರು ಸಾಮಾನು ಸಮೇತ ಹೊರಗೆ ಹಾಕಿದರು. ಆಟದ ಭಾಷೆಯಲ್ಲಿ ಕಾಯ್ದೆ ಎಂದರೆ ಪ್ಯಾಚ್, ದೋಷ ಸರಿಪಡಿಸುವ ತೇಪೆ. ಮುಂದಕ್ಕೆ ನಿಯಮ ಸರಿಯಾಯಿತು. ಅಲ್ಲಿಯವರೆಗೆ ಕಳೆದುಹೋದ ಸಾಮಾನಿನ ಕಥೆ? 2022ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ನಟ್ಟನಡುವಿನ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಈ ಅಂತರದಲ್ಲಿ ಅಜ್ಜ ಕೊಂಡ ಮನೆ, ಅಜ್ಜನಿಗೆ ಸಿಗದ ಮನೆ ಎರಡೂ ಇವೆ.

ಆಟಗಾರರು ಈ ವಿಷಯದಲ್ಲಿ ಬಲು ಖಡಕ್ಕು. ಗೆನ್‌ಶಿನ್ ಹೊಸ ಆವೃತ್ತಿಗೆಂದು ಐದು ತಾಸು ಸರ್ವರ್ ನಿಲ್ಲಿಸಿದರೆ ಗಂಟೆಗೆ 60ರಂತೆ 300 ಪ್ರಿಮೋಜೆಮ್, ಅಂದರೆ ಆಟದೊಳಗಿನ ನಾಣ್ಯ, ಆಟಗಾರರ ಮೇಲ್‌ಬಾಕ್ಸಿಗೆ ಬಂದು ಬೀಳುತ್ತದೆ. ಯಾರೂ ಅರ್ಜಿ ಹಾಕಬೇಕಿಲ್ಲ, ನಷ್ಟವಾಯಿತೆಂದು ಸಾಬೀತು ಮಾಡಬೇಕಿಲ್ಲ, ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದವರಿಗೂ ಉಂಟು. ಒಂದು ದಿನ ತಡವಾದರೆ ನನ್ನ ಅಕ್ಕನ ಮಗಳು ಮನೆ ಮಂದಿಯ ಮೇಲೆಲ್ಲ ರೇಗಾಡುತ್ತಾಳೆ.

ಚಿಕಾಗೋಗೆ ಅಂಟಿಕೊಂಡೇ ಇರುವ ಇವಾನ್‌ಸ್ಟನ್ ಎಂಬ ಊರು 2021ರಲ್ಲಿ ಇಂಥದ್ದೊಂದು ಪರಿಹಾರಕ್ಕೆ ಕೈ ಹಾಕಿತು. 1919ರಿಂದ 1969ರ ನಡುವೆ ಅಲ್ಲಿದ್ದು ಮನೆಯ ವಿಷಯದಲ್ಲಿ ಅನ್ಯಾಯಕ್ಕೆ ಒಳಗಾದ ಕಪ್ಪು ಜನರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ, ತಲಾ 25,000 ಡಾಲರ್. ಮೊದಲಿಗೆ ಕೈಗೆ ದುಡ್ಡಲ್ಲ, ಮನೆ ಕೊಳ್ಳಲು, ರಿಪೇರಿಗೆ, ಸಾಲ ತೀರಿಸಲು ಮಾತ್ರ. ಮೊದಲಿಗೆ ಹಣ ಬಂದದ್ದು ಗಾಂಜಾ ಮಾರಾಟದ ತೆರಿಗೆಯಿಂದ. ಆ ಕಾಲದಲ್ಲಿ ಅಲ್ಲಿ ಬದುಕಿದ್ದವರೇ, ಬಹುಪಾಲು ಎಪ್ಪತ್ತು ದಾಟಿದವರು, ನೂರಕ್ಕೂ ಹೆಚ್ಚು ಜನ ಅರ್ಹರಾದರು. ಕೈಯಲ್ಲಿದ್ದದ್ದು 4,00,000 ಡಾಲರ್, ಅಂದರೆ 16 ಜನಕ್ಕೆ. ಹಾಗಾಗಿ 2022ರ ಜನವರಿಯಲ್ಲಿ ನಂಬರು ಬರೆದ ಪಿಂಗ್ ಪಾಂಗ್ ಚೆಂಡುಗಳನ್ನು ಎತ್ತಿ ಮೊದಲ 16 ಜನರನ್ನು ಆರಿಸಿದರು. ದುಡ್ಡು ಕೊಟ್ಟು ಅದೃಷ್ಟದ ಡಬ್ಬಿ ತೆರೆಸುವ ಗೇಮ್‌ಗಳನ್ನು ಬೆಲ್ಜಿಯಂ ಜೂಜು ಎಂದು 2018ರಲ್ಲೇ ತಡೆದಿತ್ತು. ಇಲ್ಲಿ ಡಬ್ಬಿಯ ಮುಂದೆ ಕೂತದ್ದು ಅರವತ್ತು ವರ್ಷ ಕಾದ ಮುದುಕರು. ಉಳಿದವರಿಗೆ ಆಮೇಲೆ ಕಂತಿನಲ್ಲಿ ಹಣ ಬರತೊಡಗಿತು, ಸರದಿ ಬರುವ ಮೊದಲೇ ತೀರಿಕೊಂಡವರೂ ಇದ್ದಾರೆ. 2024ರಲ್ಲಿ ಆ ಯೋಜನೆಯ ಮೇಲೆ ಕೇಸು ಬಿತ್ತು. ಅರ್ಜಿದಾರರ ವಾದ: ಇದು ಜನಾಂಗ ನೋಡಿ ಭೇದ ಮಾಡುತ್ತದೆ.